ಸೆರಗಿನಡಿಯ ತಾಟು

ಮೊನ್ನೆ ವಿಜಯಪುರದಿಂದ ಬಂದ ಡಬ್ಬಿಯ ಮುಚ್ಚಳ ತೆಗೆದೆ. ಗುರೆಳ್ಳು ಚಟ್ನಿಯ ವಾಸನೆ ಮುಂಬೈ ಪವಾಯಿಯ ನಮ್ಮ ಫ್ಲ್ಯಾಟಿನ ತುಂಬ ಹರಡಿತು. ಅದರ ಹಿಂದೆಯೇ ನಾನು ಬೆಳೆದ ಪರೇಲಿನ ಚಾಳು ನೆನಪಿಗೆ ಬಂತು, ಗೋಡೆಗೆ ಗೋಡೆ ಹತ್ತಿದ ಬಾಜೂ ಖೋಲಿಯ ಕಾಕು ಬಂದರು... ಅವರ ಇಳಕಲ್ ಸೀರೆಯ ಸೆರಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಕಾಕು ಮದುವೆಗೆ ಮುಂಚೆ ಧಾರವಾಡದಲ್ಲಿ ಸಣ್ಣ ಮಕ್ಕಳಿಗೆ ಕಲಿಸಿದವರು. ನಾನು ಆಗ ನಾಲ್ಕನೇ ಇಯತ್ತೆ. ಅಪ್ಪ ಕನ್ನಡ ಶಾಲೆ ಬಿಡಿಸಿ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಕನ್ನಡದಲ್ಲಿ ಬರೆದಂತೆ ಇಂಗ್ಲಿಷನ್ನೂ ಕಿವಿಗೆ ಬಿದ್ದ ಹಾಗೇ ಬರೆದು, ಡಿಕ್ಟೇಶನ್ನಿನ ಪುಟವೆಲ್ಲ ಕೆಂಪು ಮಾಡಿಸಿಕೊಂಡು ಬರುತ್ತಿದ್ದೆ. ಅವ್ವ ಮಗ್ಗಿ ಕಲಿಸಿದಂತೆ ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸುತ್ತಿದ್ದಳು. ಬಾಯಿ ಗಡಗಡ ಹೇಳುತ್ತಿತ್ತು. ಪೆನ್ಸಿಲ್ ಹಿಡಿದೊಡನೆ ಎತ್ತು ಏರಿಗೆ, ಕೋಣ ನೀರಿಗೆ.

ದೀಪಾವಳಿಗೆ ಮುಂಚಿನ ಪರೀಕ್ಷೆಯಲ್ಲೂ ಹೀಗೇ ಆದರೆ ವಿಜಯಪುರಕ್ಕೆ, ಅಜ್ಜಿಯ ಹತ್ತಿರ ಕಳಿಸುವುದೆಂದು ಅಪ್ಪ ತೀರ್ಮಾನಿಸಿದರು. "ಮುಂಬೈ ಸಾಲಿ ಇಕಿಗೆ ಒಗ್ಗಂಗಿಲ್ಲ," ಎಂದು ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸಿಯೂ ಬಿಟ್ಟರು. ಅವ್ವನ ಮಗ್ಗುಲು ಬಿಟ್ಟು ಮಲಗಿ ಗೊತ್ತಿಲ್ಲದ ನನಗೆ ಆ ಟ್ರಂಕಿನ ಕಡೆ ನೋಡಲೂ ಹೆದರಿಕೆ.

ಗೋಡೆಯಾಚೆ ಕಾಕು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಚಾಳಿನಲ್ಲಿ ಗುಟ್ಟೆಂಬುದು ಎಲ್ಲಿಯದು? ಮರುದಿನ ಸಂಜೆ ನನ್ನನ್ನು ಕರೆದು ಕೂರಿಸಿಕೊಂಡರು, ಪುಸ್ತಕ ಮಾತ್ರ ತೆಗೆಯಲೇ ಇಲ್ಲ. ಸ್ಟೀಲಿನ ತಾಟಿನಲ್ಲಿ ಲಿಂಬೆಹಣ್ಣು, ಗುಂಡಿ, ಸೇಫ್ಟಿ ಪಿನ್ನು, ಲೋಕಲ್‌ನ ಹಳೆಯ ಟಿಕೀಟು, ಬೆಳ್ಳುಳ್ಳಿಯ ಎಸಳು ಇಟ್ಟು ತೋರಿಸಿದರು. ಸೆರಗು ಮುಚ್ಚಿ, ಏನೇನಿತ್ತು ಎಂದು ಕೇಳಿದರು. ಗೊತ್ತಾಗದಂತೆ ಒಂದನ್ನು ತೆಗೆದು, ಏನು ಹೋಯಿತು ಎಂದರು. ನನಗೋ ಇದು ಆಟ. ಬಾಗಿಲಲ್ಲಿ ನಿಂತ ಅವ್ವನಿಗೆ ಕಳವಳ. "ಪರೀಕ್ಷಾ ಮುಂದಿಟ್ಕೊಂಡು ಬಳ್ಳೊಳ್ಳಿ ನೋಡೂದೇನ್ರಿ ವೈನಿ?"

ಕೆಲವು ದಿನ ಕಳೆದ ಮೇಲೆ ತಾಟಿನೊಳಗೆ ಬಳಪದಲ್ಲಿ ಬರೆಯುವ ಪಾಟಿ ಬಂತು, ಪಾಟಿಯ ಮೇಲೆ ಇಂಗ್ಲಿಷಿನ ಒಂದೇ ಒಂದು ಶಬ್ದ.

"ಬಾಯಾಗ ಅನ್ನಬ್ಯಾಡವಾ. ನೋಡು. ಯಾವ ಅಕ್ಷರ ಎತ್ತರ ಐತಿ, ಯಾವುದು ಕೆಳಗ ಬಾಲ ಬಿಟ್ಟೈತಿ, ಯಾರ್ಯಾರು ಜೋಡಿ ಕುಂತಾರ..." ಸೆರಗು ಮುಚ್ಚುತ್ತಿತ್ತು. "ಈಗ ಕಣ್ಣು ಮುಚ್ಚು. ಕಾಣಸ್ತೈತಿ?"

ಕಂಡರೆ ಮೊದಲು ಗಾಳಿಯಲ್ಲಿ ಬೆರಳಾಡಿಸಿ ಬರೆಯಬೇಕು, ಆಮೇಲೆ ಕಾಗದದ ಮೇಲೆ. ಕಾಣದಿದ್ದರೆ ಬೈಗುಳವಿಲ್ಲ, ಸೆರಗು ಮತ್ತೆ ಸರಿಯುತ್ತಿತ್ತು, ಅಷ್ಟೇ.

ಪರೀಕ್ಷೆಯ ದಿನ ಟೀಚರ್ ಒಂದೊಂದು ಶಬ್ದ ಹೇಳಿದಾಗಲೂ ಕಣ್ಣು ಮುಚ್ಚಿದೆ. ನಿದ್ದೆ ಮಾಡುತ್ತಿದ್ದೇನೆಂದು ಗದರಿಸಿಕೊಂಡೆ. ಆದರೆ ಒಳಗೆ ಸೆರಗು ಸರಿದು ಶಬ್ದ ಕಾಣುತ್ತಿತ್ತು, ಬರೆದೆ. ಕೆಲವು ತಪ್ಪಿದವು, ಆದರೂ ಪಾಸಾದೆ. ಅಪ್ಪ ಟ್ರಂಕನ್ನು ಅಟ್ಟಕ್ಕೇರಿಸಿದರು. ಅವ್ವ ಗೋಡೆಗೊರಗಿ ಅತ್ತಳು. ಆಚೆ ಕಾಕು ಒಗ್ಗರಣೆ ಹಾಕುತ್ತಿದ್ದರು.

ಮುಂದೆ ಚಾಳು ಕೆಡವಿ ಟವರ್ ಕಟ್ಟಿದರು. ಕಾಕು ಕಲ್ಯಾಣದ ಕಡೆ ಹೋದರಂತೆ... ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ವರ್ಷವೇ ಕಳೆದಿತ್ತು. ಅವರದೊಂದು ಫೋಟೊ ಕೂಡ ನಮ್ಮಲ್ಲಿಲ್ಲ.

ಈಗ ನನ್ನ ಮಗಳಿಗೂ ಸ್ಪೆಲ್ಲಿಂಗಿನದೇ ಗೋಳು. ಚಟ್ನಿ ಡಬ್ಬಿ ಬಂದ ಸಂಜೆಯೇ ತಾಟಿಟ್ಟು, ದುಪಟ್ಟಾ ಮುಚ್ಚಿ, ಅವಳಿಗೆ ಕಾಕುವಿನ ಕಥೆ ಹೇಳಿದೆ.

"ಮಮ್ಮಾ, ಆ ಕಾಕು ನೋಡ್ಲಿಕ್ಕೆ ಕೈಸೇ ಇದ್ರು?" ಎಂದಳು.

ಕಣ್ಣು ಮುಚ್ಚಿದೆ. ಲಿಂಬೆಹಣ್ಣು ಕಂಡಿತು, ಪಿನ್ನು ಕಂಡಿತು. ಹಸಿರು ಬಳೆ, ಹೆಬ್ಬೆರಳಿನ ಸುಟ್ಟ ಕಲೆ, ಸೆರಗಿನ ಕೆಂಪು... ಮುಖ ಬರಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಮುಚ್ಚಿದೆ. ಬರಲಿಲ್ಲ. ಅವರು ಹೇಳಿದಂತೆ ಚಾಚೂ ತಪ್ಪದೆ, ನಾನು ಯಾವಾಗಲೂ ತಾಟನ್ನೇ ನೋಡುತ್ತಿದ್ದೆ.