ಹಿಂದಿನ ಸೀಟಿಗೆ ಬಾಗಿಲಿರಲಿಲ್ಲ

ನನ್ನ ಕೆಂಪು ಕಾರಿಗೆ ಎರಡೇ ಬಾಗಿಲು. ಮದುವೆಗೆ ಮುಂಚೆ, ಮೈಸೂರಿನಿಂದ ಚೆನ್ನೈಗೆ ಕೆಲಸಕ್ಕೆ ಬಂದ ಹೊಸತರಲ್ಲಿ, ನನ್ನದೇ ಸಂಬಳದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ಚೂಪು ಮೂತಿ. ಸಿಗ್ನಲ್ಲಿನಲ್ಲಿ ನಿಂತಿದ್ದರೂ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ನಿಂತ ಬೈಕಿನ ಹುಡುಗರು ಮೊದಲು ಕಾರು ನೋಡಿ ಹುಬ್ಬೇರಿಸುತ್ತಿದ್ದರು, ಆಮೇಲೆ ಸ್ಟೀರಿಂಗ್ ಹಿಡಿದವಳನ್ನು ನೋಡಿ ಇನ್ನೂ ಏರಿಸುತ್ತಿದ್ದರು. ನನಗೆ ಅದರಲ್ಲಿ ಭಾರೀ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ.

ಮಕ್ಕಳಾದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನಿದನ್ನು ಮಾರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೂಸನ್ನು ಹಿಂದೆ ಕೂರಿಸಬೇಕೆಂದರೆ ಮುಂದಿನ ಸೀಟಿನ ಹಿಡಿ ಎಳೆದು, ಸೀಟು ಮಡಿಸಿ ಮುಂದಕ್ಕೆ ತಳ್ಳಿ, ಅರ್ಧ ಮೈಯನ್ನು ಒಳಗೆ ತೂರಿಸಬೇಕಿತ್ತು. ಪಲ್ಲಾವರಂ ಸಂತೆಯ ಹೊರಗೆ ನಾನು ಈ ಸರ್ಕಸ್ ಮಾಡುವಾಗ ತರಕಾರಿ ಕೊಳ್ಳಲು ಬಂದವರೂ ಚೀಲ ಕೆಳಗಿಟ್ಟು ನೋಡುತ್ತಿದ್ದರು. ಅತ್ತೆ ಜೊತೆಗಿದ್ದರೆ ಮುಂದಿನ ಸೀಟು ಅವರದು. ನನ್ನ ಗಂಡ ಹಿಂದೆ, ಮಗಳು ಮತ್ತು ಮಗನ ನಡುವೆ, ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. “ಇದು ಕಾರಲ್ಲ, ಉಪ್ಪಿನಕಾಯಿ ಜಾಡಿ,” ಎಂದು ಗೊಣಗುತ್ತಿದ್ದರು.

ಗಂಡನ ಮನೆಯವರು ತಲೆಮಾರುಗಳಿಂದ ಮದರಾಸಿನವರು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ತಮಿಳು ಹಾಲಿಗೆ ನೀರು ಬೆರೆತ ಹಾಗೆ ಬೆರೆತುಹೋಗಿದೆ. ನನ್ನ ಮಕ್ಕಳು ಇನ್ನೂ ಮುಂದಕ್ಕೆ ಹೋಗಿದ್ದರು. ಕನ್ನಡ ಎಲ್ಲಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬೈದರೆ ಅವರು ತಮಿಳಿನಲ್ಲಿ ಮುನಿಸಿಕೊಳ್ಳುತ್ತಿದ್ದರು. ಮುಂದೊಂದು ದಿನ ಈ ಮನೆಯಲ್ಲಿ ನನ್ನ ಮಾತು ಆಡುವವಳು ನಾನೊಬ್ಬಳೇ ಉಳಿಯುತ್ತೇನೆ ಅನ್ನಿಸಿ ನಿಜಕ್ಕೂ ಹೆದರಿಕೆಯಾಗುತ್ತಿತ್ತು. ನನ್ನ ಮಕ್ಕಳೇ ನನಗೆ ನೆಂಟರಾಗಿಬಿಡುವ ಹೆದರಿಕೆ ಅದು.

ಮಗ ಯುಕೆಜಿಯಲ್ಲಿದ್ದಾಗ ಒಂದು ಮಧ್ಯಾಹ್ನ ಇಬ್ಬರನ್ನೂ ಶಾಲೆಯಿಂದ ಕರೆತಂದು ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿದೆ. ಸುತ್ತಿಕೊಂಡು ಬಂದು ಎಡಗಡೆ ಬಾಗಿಲು ತೆಗೆದೆ.

“ಅಮ್ಮಾ, ಸೀಕ್ರಂ!” ಎಂದ, ಬೇಗ ಬಿಡು ಅನ್ನುವ ಹಾಗೆ.

ಅವತ್ತು ಆಫೀಸಿನ ಸಿಟ್ಟೊಂದು ತಲೆಯಲ್ಲಿತ್ತು. ಸೀಟಿನ ಹಿಡಿಯ ಮೇಲೆ ಕೈಯಿಟ್ಟವಳು ಹಾಗೇ ನಿಂತೆ. “ಕನ್ನಡದಲ್ಲಿ ಕೇಳು, ಇಳಿಸ್ತೀನಿ.”

ಅವನು ದುರುಗುಟ್ಟಿ ನೋಡಿದ. ಹಿಂದಿನ ಸೀಟಿಗೆ ಬಾಗಿಲಿಲ್ಲ, ಇಳಿಸಬೇಕಾದವಳು ಅಡ್ಡ ನಿಂತಿದ್ದೇನೆ. “ಸೊಲ್ಲು ಡಾ,” ಹೇಳೋ ಎಂದು ಅಕ್ಕ ತಿವಿದಳು. ಏಸಿ ಓಡುತ್ತಲೇ ಇತ್ತು, ಯಾರೂ ಬೆಂದುಹೋಗಲಿಲ್ಲ. ಕೊನೆಗೆ ಮೂಗು ಸೊರ್ರೆನ್ನಿಸಿ, ಎಲ್ಲೋ ನೋಡುತ್ತಾ, “ಅಮ್ಮ, ನನ್ನ ಇಳಿಸು,” ಎಂದ. ಸೀಟು ಮಡಿಸಿದೆ. ಆ ಮೂರು ಪದಕ್ಕೆ ನನ್ನ ಕಣ್ಣು ತುಂಬಿತ್ತು. ಅವನಿಗೆ ಕಾಣದ ಹಾಗೆ ಊಟದ ಚೀಲ ಎತ್ತಿಕೊಂಡು ಮುಂದೆ ನಡೆದೆ.

ಅದೇ ನಮ್ಮ ಕಾರಿನ ಕಾನೂನಾಯಿತು. ಮೊದಮೊದಲು ಬರೀ “ಇಳಿಸು.” ಆಮೇಲೆ ಅಷ್ಟಕ್ಕೆ ನಾನು ಜಗ್ಗಲಿಲ್ಲ, ಅವತ್ತಿನ ಒಂದು ಸಂಗತಿ ಹೇಳಬೇಕು ಎಂದೆ. ಯಾರು ಬಿದ್ದರು, ಯಾರ ಡಬ್ಬಿಯಲ್ಲಿ ಏನಿತ್ತು, ಯಾವ ಮಿಸ್ ಯಾರಿಗೆ ಬೈದರು, ಎಲ್ಲಾ ಮಡಿಸದ ಸೀಟಿನ ಹಿಂದಿನಿಂದ ಕನ್ನಡದಲ್ಲಿ ಬರತೊಡಗಿತು. ಮಗಳು ಜಾಣೆ. ನನಗೆ ತಡವಾಗಿದ್ದ ದಿನವೇ ಬೇಕೆಂದು ಉದ್ದುದ್ದ ಎಳೆಯುತ್ತಿದ್ದಳು. “ಸಾಕು, ಇಳಿಯೇ ತಾಯಿ,” ಎಂದು ನಾನೇ ಕೈಮುಗಿಯಬೇಕಾಗುತ್ತಿತ್ತು. ಮುಂದಿನ ಸೀಟಿನಲ್ಲಿ ಅತ್ತೆಯಿದ್ದರೆ ಇಳಿಯದೆ ಅಲ್ಲೇ ಕೂತು ಕೇಳುತ್ತಿದ್ದರು. “ಪಾವಂ ಮಾ, ಕೊಳಂದೆಗಳು. ಮಕ್ಕಳು ಪಾಪ, ಬಿಟ್ಟುಬಿಡು,” ಎಂದು ಬಾಯಲ್ಲಿ ಹೇಳುವುದು, ಮೊಮ್ಮಗನ ಕಡೆ ತಿರುಗಿ “ಅಪ್ಪುರಂ ಏನಾಯ್ತು ಹೇಳು,” ಎಂದು ಕೆದಕುವುದು. ಕೋಡಂಬಾಕ್ಕಂ ಸೇತುವೆಯ ಮೇಲೆ ಟ್ರಾಫಿಕ್ ಕಟ್ಟಿಕೊಂಡು ಗಂಟೆಗಟ್ಟಲೆ ನಿಂತ ಸಂಜೆಗಳು ಈಗಲೂ ನೆನಪಾಗುತ್ತವೆ. ಅತ್ತೆ, ಹಿಂದೆ ಕನ್ನಡ ಸಿನಿಮಾಗಳೂ ಇಲ್ಲೇ ತಯಾರಾಗುತ್ತಿದ್ದವು ಎಂದು ಶುರು ಮಾಡಿದರೆ, ಮಕ್ಕಳು ಮುಂದಿನ ಸೀಟುಗಳ ನಡುವೆ ತಲೆ ತೂರಿಸಿ ಕೇಳುತ್ತಿದ್ದರು. ಆ ಇಕ್ಕಟ್ಟಿನಲ್ಲಿ ಎಲ್ಲರ ಉಸಿರೂ ನನ್ನ ಕತ್ತಿಗೆ ತಾಗುತ್ತಿತ್ತು. ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ಕೂತಿಲ್ಲ.

ಕೆಲವು ವರ್ಷಗಳಲ್ಲಿ ಅತ್ತೆಯ ಮಂಡಿ ಹೋಯಿತು. ತಗ್ಗು ಸೀಟಿನಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು. ಮಗನ ಕಾಲು ವಾರ ವಾರಕ್ಕೂ ಉದ್ದವಾಗುತ್ತಿತ್ತು. ಗಂಡ ಈ ಸಲ ಗೊಣಗಲಿಲ್ಲ, ಕೂರಿಸಿಕೊಂಡು ಕಾರು ಮಾರೋಣ ಎಂದು ಹೇಳಿದರು. ನಾನು ಹಟ ಹಿಡಿದೆ. “ಕಾರು ಹೋದ್ರೆ ಮಕ್ಕಳ ಕನ್ನಡಾನೂ ಹೋಗತ್ತೆ,” ಎಂದೇಬಿಟ್ಟೆ.

“ಕನ್ನಡಕ್ಕೂ ಬಾಗಿಲಿಗೂ ಎನ್ನ ಸಂಬಂಧ, ಏನು ಸಂಬಂಧ?” ಎಂದು ನಕ್ಕರು. ನನಗೆ ಮೈಯೆಲ್ಲಾ ಉರಿಯಿತು. ಆದರೆ ಅತ್ತೆಯ ಮಂಡಿಯ ಮುಂದೆ ನನ್ನ ವಾದ ನಿಲ್ಲುವಂಥದ್ದಲ್ಲ. ಕಾರು ಕೊಂಡವನು ಮದುವೆಯಾಗದ ಹುಡುಗ. ಅವನು ಓಡಿಸಿಕೊಂಡು ಹೋಗುವಾಗ ನಾನು ಬಾಲ್ಕನಿಗೆ ಬರಲಿಲ್ಲ, ಅಡುಗೆಮನೆಯಲ್ಲಿ ಶಬ್ದ ಕೇಳಿಸಿಕೊಂಡೆ.

ಹೊಸ ಕಾರು ಬಿಳಿ ಬಣ್ಣದ್ದು, ಎತ್ತರದ್ದು, ನಾಲ್ಕು ಬಾಗಿಲಿನದು. ಅತ್ತೆ ಆರಾಮಾಗಿ ಹತ್ತಿ ಇಳಿಯುತ್ತಾರೆ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಮೊದಲ ದಿನ ಶಾಲೆಯ ಮುಂದೆ ನಿಲ್ಲಿಸಿದಾಗ, ಅಭ್ಯಾಸದಂತೆ ಸೀಟ್ ಬೆಲ್ಟ್ ಬಿಚ್ಚಿ ಸುತ್ತಿಕೊಂಡು ಹೋಗಲು ಎದ್ದೆ. ಅಷ್ಟರಲ್ಲಿ ಆ ಕಡೆ ಒಂದು, ಈ ಕಡೆ ಒಂದು ಬಾಗಿಲು ಬಡಿಯಿತು. “ಬೈ ಮಾ,” ಅಷ್ಟೇ. ನಾನು ಮತ್ತೆ ಬೆಲ್ಟ್ ಹಾಕಿಕೊಂಡೆ. ಆ ಮಳೆಗಾಲವೆಲ್ಲಾ ಕಾರಿನಲ್ಲಿ ತಮಿಳು, ಇಂಗ್ಲಿಷು, ಮೊಬೈಲು. ನಾನು ಒತ್ತಾಯಿಸಲಿಲ್ಲ. ತಡೆದು ನಿಲ್ಲಿಸಲು ನನ್ನ ಕೈಯಲ್ಲಿ ಇನ್ನು ಯಾವ ಹಿಡಿಯೂ ಇರಲಿಲ್ಲ.

ಮೊನ್ನೆ ಸಂಜೆ ಮಗನೊಬ್ಬನನ್ನೇ ಕರೆತಂದೆ. ಈಗ ಅವನಿಗೆ ಗಂಟಲು ಒಡೆಯುವ ವಯಸ್ಸು. ಅವತ್ತು ಶಾಲೆಯ ಕ್ರಿಕೆಟ್ ತಂಡ ಆರಿಸುವವರಿದ್ದರು. ಏನಾಯಿತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಹಾಕಿಕೊಂಡಿದ್ದ. ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿ ಇಂಜಿನ್ ಆರಿಸಿದೆ. ಬಾಗಿಲು ಬಡಿಯುವ ಸದ್ದಿಗೆ ಕಾದೆ, ಬರಲಿಲ್ಲ.

ಇಳಿದು, ಸುತ್ತಿಕೊಂಡು ಹೋಗಿ, ಅವನ ಪಕ್ಕದ ಬಾಗಿಲನ್ನು ನಾನೇ ತೆಗೆದೆ. ಬ್ಯಾಟಿನ ಚೀಲ ತಬ್ಬಿಕೊಂಡು ಕೂತಿದ್ದ. ಯುಕೆಜಿಯ ಆ ದಿನದ ಹಾಗೆಯೇ ಎಲ್ಲೋ ನೋಡುತ್ತಿದ್ದ.

“ಅಮ್ಮ, ಈಗ್ಲೇ ಇಳಿಸ್ಬೇಡ,” ಎಂದ. “ಹೇಳ್ಬೇಕು.”

ನಾನು ಅವನ ಬಾಗಿಲು ಮುಚ್ಚಿ, ಇನ್ನೊಂದು ಕಡೆಯಿಂದ ಹತ್ತಿ ಅವನ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ.