ಆಕಾಶ ನೋಡಿ ಬಂದ ಗಿಡ, ನಾನು ಕಟ್ಟಿದ ಹುರಿ

ಕಾಮ್ಷಾತ್ ಆಪಾ ನೀರು ಕುಡಿದೇ ಅದು ಯಾವ ಬಾವಿಯದೆಂದು ಹೇಳುತ್ತಾರೆ. ಮಣ್ಣೂ ಅಷ್ಟೆ. ಉಗುರಿನಷ್ಟು ತೆಗೆದು ನಾಲಿಗೆಯ ತುದಿಗಿಟ್ಟು, ಥೂ ಎಂದು ಉಗಿದು, "ಇಲ್ಲಿ ಬೇಡ, ಸವಳು," ಎಂದರೆ ಮುಗಿಯಿತು. ಅಲ್ಲಿ ಯಾರೂ ಗುದ್ದಲಿ ಹಾಕುವುದಿಲ್ಲ. ಹುಟ್ಟಿದ್ದು ಅರಾಲ್ ದಡದ ಬೆಸ್ತರ ಮನೆಯಲ್ಲಿ. ಸಮುದ್ರ ಹಿಂದೆ ಸರಿದು ದೋಣಿಗಳು ಮರಳಿನ ಮೇಲೆ ಕೂತಾಗ, ಅಪ್ಪ ಮನೆಮಂದಿಯನ್ನೆಲ್ಲ ರೈಲು ಹತ್ತಿಸಿ ನಮ್ಮ ಬೆಸ್ತೆರೆಕ್ ನಿಲ್ದಾಣದಲ್ಲಿ ಇಳಿಸಿದನಂತೆ. "ಉಪ್ಪೂ ನಮ್ಮ ಜೊತೆಗೇ ಇಳೀತು, ಟಿಕೆಟ್ ಇಲ್ದೆ," ಎನ್ನುತ್ತಾರೆ ಆಪಾ.

ಶಾಲೆಗೆ ಕಸ ಗುಡಿಸಲು ಸೇರಿದವರು. ಗುಡಿಸುತ್ತಲೇ, ಯಾರೂ ಹೇಳದೆ, ಬೇಲಿಯ ಉದ್ದಕ್ಕೂ ಇಪ್ಪತ್ತೇಳು ಕರಾಗಾಚ್ ಮರ ಬೆಳೆಸಿದರು. ಊರಿನಲ್ಲಿ ನೆರಳೆಂದು ಇರುವುದು ಅಷ್ಟೆ. ಮೂವತ್ತೊಂದು ವರ್ಷದಿಂದ ಹೆಗಲ ಮೇಲೆ ಅಡ್ಡೆ, ಎರಡು ತುದಿಗೆ ಎರಡು ಬಕೆಟ್ಟು, ಓಡುವಂಥ ನಡಿಗೆ. ಹತ್ತಿರದ ಉಡಾವಣಾ ಕೇಂದ್ರದಿಂದ ರಾಕೆಟ್ ಹಾರಿ ಕಿಟಕಿಗಳು ಗಡಗಡ ಎಂದಾಗ ನಾವೆಲ್ಲ ಅಂಗಳಕ್ಕೆ ಓಡಿದರೆ, ಅವರು ಟೀ ಬಟ್ಟಲುಗಳಿಗೆ ಕೈ ಅಡ್ಡ ಹಿಡಿದು ಕೂತಿರುತ್ತಾರೆ. "ಹೋಯ್ತಾ? ಸರಿ, ಬನ್ನಿ, ಆರಿಹೋಗುತ್ತೆ."

ಇವರ ಬಗ್ಗೆ ಬರೆಯಲು ನನಗೆ ಯಾವ ಮುಖವೂ ಇಲ್ಲ. ಆದರೂ ಮಗಳು ಅಕ್‌ಬೋತಾ ಮಧ್ಯಾಹ್ನದ ನಿದ್ದೆಯಲ್ಲಿದ್ದಾಳೆ, ಬಟ್ಟೆ ಒಗೆದಾಗಿದೆ. ಇವತ್ತು ಬರೆಯದಿದ್ದರೆ ನಾಳೆ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಏಪ್ರಿಲ್ ಹನ್ನೆರಡು, ಬಾಹ್ಯಾಕಾಶದ ದಿನ, ನಮ್ಮ ಶಾಲೆಗೆ ಒಂದು ಸೇಬಿನ ಗಿಡ ಬಂತು. ಆರು ತಿಂಗಳು ಆಕಾಶದ ನಿಲ್ದಾಣದಲ್ಲಿದ್ದು ಬಂದ ಬೀಜಗಳನ್ನು ಅಲ್ಮಾತಿಯ ಗುಡ್ಡದಲ್ಲಿ ಬಿತ್ತಿ, ಮೂರು ವರ್ಷ ಸಾಕಿ, ಶಾಲೆಗೊಂದರಂತೆ ಹಂಚಿದ್ದರು. ಹೆಡ್‌ಮಾಸ್ಟರ್ ನುರ್ಪೈಸ್ ಆಗಾಯ್ ಭೌತಶಾಸ್ತ್ರದವರು; ಮೇಷ್ಟ್ರುಗಳನ್ನು ನಾವು ಆಗಾಯ್ ಎನ್ನುತ್ತೇವೆ. ವಾರದಿಂದ ಅವರ ಕಾಲು ನೆಲದ ಮೇಲೆ ಇರಲಿಲ್ಲ.

"ಆಪಾ, ಧ್ವಜದ ಕಂಬದ ಪಕ್ಕ ನೆಡೋಣ. ಫೋಟೋಗೆ ಚೆನ್ನಾಗಿರುತ್ತೆ."

"ಫೋಟೋ ಒಂದು ದಿನದ್ದು ಆಗಾಯ್, ಗಿಡಕ್ಕೆ ದಿನಾ ಹಸಿವಾಗುತ್ತೆ. ಅಲ್ಲಿ ಬರೀ ಉಪ್ಪು."

"ಇದು ಭೂಮೀನೇ ಸುತ್ತಿ ಬಂದಿರೋ ಗಿಡ, ಆಪಾ. ಸಾಮಾನ್ಯದ್ದಲ್ಲ."

"ಎಷ್ಟು ಸುತ್ತಿದ್ರೇನು, ಬೇರು ಕೆಳಗಡೆಗೇ ತಾನೆ ಹೋಗೋದು?"

ಗೆದ್ದದ್ದು ಆಪಾ. ಬೇಲಿಯ ಒಳಮಗ್ಗುಲಲ್ಲಿ, ನಮ್ಮ ಮನೆಯ ಎದುರಿಗೇ, ಎದೆಯಾಳದ ಗುಂಡಿ ತೋಡಿದರು. ಉಪ್ಪು ಮೇಲೆ ಹತ್ತದಂತೆ ಅಡಿಗೆ ಮೊಳದಷ್ಟು ಜೊಂಡು ಹಾಸಿ, ಮೇಲೆ ದರಿಯಾ ನದಿಯ ದಡದ ಮಣ್ಣು ತುಂಬಿದರು. ರಟ್ಟಿನ ಶಿರಸ್ತ್ರಾಣ ಹಾಕಿದ ಮಕ್ಕಳು ಒಂದೊಂದು ಹಿಡಿ ಮಣ್ಣು ಹಾಕಿದರು. ಅಕ್ಟೋಬರ್ ನಾಲ್ಕಕ್ಕೆ ಬಾಹ್ಯಾಕಾಶ ಸಪ್ತಾಹ, ಜಿಲ್ಲೆಯಿಂದ ಗಿಡ ನೋಡಲು ಬರುತ್ತಾರೆ, ಅಷ್ಟರಲ್ಲಿ ಒಂದು ಎಲೆಯೂ ಬಾಡಬಾರದು ಎಂದರು ಆಗಾಯ್. ಶಾಲೆಯ ಬಾವಿ ಸವಳು. ಹಾಗಾಗಿ ದರಿಯಾದಿಂದ ದಿನಕ್ಕೆ ನಾಲ್ಕು ಬಕೆಟ್ಟು ಸಿಹಿನೀರು ಆಪಾ ಹೆಗಲ ಮೇಲೆ ಬರತೊಡಗಿತು.

ಅದೇ ವಾರ ನನ್ನ ಮಗಳ ಕಾಲ್ಹುರಿ ಶಾಸ್ತ್ರ. ಅವಳು ಒಂದು ವರ್ಷ ಐದು ತಿಂಗಳಿಗೆ, ಅಂತೂ ಇಂತೂ, ನಾಲ್ಕು ಹೆಜ್ಜೆ ಇಟ್ಟಿದ್ದಳು. ಮಗುವಿನ ಎರಡೂ ಕಾಲಿಗೆ ಕಪ್ಪು-ಬಿಳಿ ಹುರಿ ಕಟ್ಟಿ, ಚುರುಕು ನಡಿಗೆಯ ಹೆಂಗಸಿನ ಕೈಯಲ್ಲಿ ಕತ್ತರಿಸಬೇಕು. ಕತ್ತರಿಸಿದವಳ ನಡಿಗೆ ಮಗುವಿಗೆ ಬರುತ್ತದೆ. ಹುರಿಯನ್ನು ಮನೆಯಲ್ಲೇ ಉಣ್ಣೆಯಿಂದ ಹೊಸೆಯುವುದು ಪದ್ಧತಿ. ನಾನು ಸೋಮಾರಿ, ಬಜಾರಿನಿಂದ ನೈಲಾನಿನದು ತಂದೆ. ಉಣ್ಣೆಯದಾಗಿದ್ದರೆ, ಆಮೇಲೆ ನಾನು ಅದನ್ನು ಕಟ್ಟಿದ ಕಡೆ, ಎರಡು ತಿಂಗಳ ಬಿಸಿಲಿಗೆ ಲಡ್ಡಾಗಿ ತಾನೇ ಕಿತ್ತುಹೋಗುತ್ತಿತ್ತು.

ಕತ್ತರಿಸುವುದಕ್ಕೆ ಕಾಮ್ಷಾತ್ ಆಪಾ ಇರಲಿ ಎಂದೆ. ಅತ್ತೆ ಹುಬ್ಬು ಗಂಟಿಕ್ಕಿದರು.

"ಕಸ ಗುಡಿಸೋಳ ಕೈಲಾ? ಹೆಡ್‌ಮಾಸ್ಟರ್ ಹೆಂಡ್ತೀನ ಕರಿ."

"ಅವರು ಅಂಗಡಿಗೂ ಕಾರಲ್ಲೇ ಹೋಗ್ತಾರಲ್ಲ ಅತ್ತೆ."

"ನಮ್ಮ ಮಗೂನೂ ಕಾರಲ್ಲೇ ಹೋಗ್ಲಿ ಬಿಡು!"

ನಾನು ನಕ್ಕು ಒಪ್ಪಿದೆ, ಕತ್ತರಿ ಹೆಡ್‌ಮಾಸ್ಟರ ಹೆಂಡತಿಯ ಕೈಗೇ ಹೋಯಿತು. ಶಾಸ್ತ್ರದ ದಿನ ಆಪಾ ಬಂದರು, ಮಗುವಿನ ಕೈಗೆ ಸಕ್ಕರೆಯ ಉಂಡೆ ಇಟ್ಟರು, ಎಲ್ಲರ ಪಾತ್ರೆ ತೊಳೆದುಕೊಟ್ಟು ಹೋದರು.

ಮರುದಿನದಿಂದ ಅಕ್‌ಬೋತಾ ಕೂತುಬಿಟ್ಟಳು. ಎತ್ತಿ ನಿಲ್ಲಿಸಿದರೆ ಬಟ್ಟೆಯ ಗೊಂಬೆಯ ಹಾಗೆ ಕುಸಿಯುವಳು. ಒಂಬತ್ತು ದಿನ ಒಂದು ಹೆಜ್ಜೆಯೂ ಇಲ್ಲ. ಗಂಡ ಹಳಿ ದುರಸ್ತಿಯ ಗುಂಪಿನ ಜೊತೆ ದೂರದಲ್ಲಿದ್ದ. ಡಾಕ್ಟರು ಕಾಲು ಮಡಿಸಿ ಬಿಡಿಸಿ, ಏನೂ ಆಗಿಲ್ಲ, ಕಾಯಿರಿ ಎಂದರು. ಕಾಯುವುದು ನನ್ನ ಕೈಲಿ ಆಗಲಿಲ್ಲ. ಹತ್ತನೆಯ ಬೆಳಿಗ್ಗೆ ಕತ್ತರಿಸಿಟ್ಟ ಹುರಿ ಮುಷ್ಟಿಯಲ್ಲಿ ಹಿಡಿದು ಬೇಲಿ ದಾಟಿದೆ. ಬಯಲಿನಲ್ಲಿ ಒಂಟಿ ಮರ ಕಂಡರೆ ಬಟ್ಟೆ ಕಟ್ಟಿ ಬೇಡಿಕೊಳ್ಳುವವರು ನಾವು. ಇದಂತೂ ಭೂಮಿಯನ್ನೇ ಸುತ್ತಿ ಬಂದದ್ದು. ನನ್ನ ಮಗಳು ಅಂಗಳವನ್ನಾದರೂ ಸುತ್ತಲಿ ಎಂದು, ಅವಳ ಮೊಣಕಾಲಿನ ಎತ್ತರಕ್ಕೆ, ಕಾಂಡದ ಸುತ್ತ ಬಿಗಿದು ಮೂರು ಗಂಟು ಹಾಕಿದೆ.

ಎರಡು ದಿನಕ್ಕೆ ಅವಳು ಎದ್ದು ನಡೆದಳು.

ನಾನು ಯಾರಿಗೂ ಹೇಳಲಿಲ್ಲ. ಆದರೆ ಒಂದು ಹುರಿ ಕಂಡವರು ಸುಮ್ಮನಿರುತ್ತಾರೆಯೇ? ಮೇ ಮುಗಿಯುವುದರೊಳಗೆ ಕೊಂಬೆಗಳ ತುಂಬ ಬಣ್ಣದ ಚಿಂದಿ. ಆಗಾಯ್ ತಲೆ ತಲೆ ಚಚ್ಚಿಕೊಂಡರು. "ವಿಜ್ಞಾನಕ್ಕೆ ಅಂತ ನೆಟ್ಟಿದ್ದು! ಇದೇನು ಗೋರಿನಾ?" ಅವರ ಹೆಂಡತಿಯ ನೀಲಿ ರೇಷ್ಮೆಯೂ ಅದರಲ್ಲಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ, ಶಾಲೆಯ ಮಕ್ಕಳನ್ನು ಕರೆದೊಯ್ಯಲು ಬಂದ ಹೆಂಗಸರ ಜೊತೆ ನಾನೂ ಮಗಳ ಕೈ ಹಿಡಿದು ಬೇಲಿಯ ಬಳಿ ನಿಂತಿದ್ದೆ. ಆಪಾ ಬಕೆಟ್ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಕೇಳ್ರೇ ಇಲ್ಲಿ. ಕೊಂಬೆಗೆ ಕಟ್ಟಿರೋದು ಇರ್ಲಿ, ಗಾಳಿಗೆ ಹಾರ್ಕೊಂಡಿರುತ್ತೆ. ಕಾಂಡಕ್ಕೊಂದು ಬಿಗಿದಿದಾರೆ. ಗಿಡ ದಪ್ಪ ಆಗ್ತಿದೆ, ಅದು ಕುತ್ತಿಗೆ ಹಿಸುಕುತ್ತೆ. ಯಾರದ್ದೋ ಅವರು ಬಂದು ಸಡಿಲ ಮಾಡ್ಕೊಳ್ಳಿ. ನಾನು ಹೆಸರು ಕೇಳಲ್ಲ."

"ನೀವೇ ಕತ್ತರಿಸಿ ಬಿಸಾಕಿ ಆಪಾ," ಎಂದಳು ಒಬ್ಬಳು.

"ನಿನ್ನದನ್ನ ಕತ್ತರಿಸಿದ್ರೆ ಸುಮ್ನಿರ್ತೀಯಾ? ಮುಂದಿನ ನಿಲ್ದಾಣಕ್ಕೆ ಕೇಳೋ ಹಾಗೆ ಬಾಯಿ ಮಾಡಲ್ವಾ? ಇನ್ನೊಬ್ಬರ ಬೇಡಿಕೆಗೆ ಕತ್ತರಿ ಹಾಕಬಾರದು. ಕಟ್ಟಿದವರೇ ಬಿಚ್ಚಬೇಕು."

ಎಲ್ಲರೂ ನಕ್ಕರು. ನಾನು ಬಗ್ಗಿ, ಸುರಿಯದೇ ಇದ್ದ ಮಗಳ ಮೂಗು ಒರೆಸಿದೆ.

ಬಿಚ್ಚಲು ಹೋಗಲಿಲ್ಲವೆಂದಲ್ಲ. ಜೂನಿನಲ್ಲಿ ಒಮ್ಮೆ ಗಿಡದ ಬುಡದಲ್ಲಿ ಕೂತೆ. ಹುರಿಯ ಮೇಲೆ ಕೆಳಗೆ ತೊಗಟೆ ಉಬ್ಬಿತ್ತು, ಗಂಟಿಗೆ ಉಗುರು ಹಾಕಿಯೂ ಇದ್ದೆ. ಬೇಲಿಯ ಆಚೆ ಅಕ್‌ಬೋತಾ ಮೇಕೆಮರಿಯ ಹಿಂದೆ ಕೇಕೆ ಹಾಕುತ್ತ ಓಡುತ್ತಿದ್ದಳು. ಬಿಚ್ಚಿದ ಕೂಡಲೇ ಅವಳು ಕೂತುಬಿಟ್ಟರೆ? ಕೈ ತೆಗೆದೆ. ಇನ್ನೊಂದು ತಿಂಗಳು, ಅವಳ ಕಾಲು ಗಟ್ಟಿಯಾಗಲಿ ಎಂದುಕೊಂಡೆ. ಜುಲೈಯಲ್ಲೂ ಅದನ್ನೇ ಅಂದುಕೊಂಡೆ.

ಆಗಸ್ಟ್ ಹದಿನೆಂಟರ ಮಧ್ಯಾಹ್ನ ಉತ್ತರದ ಗಾಳಿ ಬೀಸಿತು. ಚಿಂದಿಗಳೆಲ್ಲ ಪಟಪಟ ಎನ್ನುತ್ತಿದ್ದವು. ಒಣರೊಟ್ಟಿ ಮುರಿದಂಥ ಸದ್ದಾಯಿತು, ಅಷ್ಟೆ. ಓಡಿಹೋಗಿ ನೋಡಿದರೆ ಗಿಡ ಹುರಿ ಇದ್ದ ಜಾಗಕ್ಕೆ ಸರಿಯಾಗಿ ಮುರಿದು, ಎಲೆ ಚಿಂದಿಗಳ ಸಮೇತ ಪಾತಿಯ ಕೆಸರಿನಲ್ಲಿ ಬಿದ್ದಿತ್ತು.

ನುರ್ಪೈಸ್ ಆಗಾಯ್ ಅಂಗಳದಲ್ಲೇ ಕಿರುಚಾಡಿದರು. ನಾನು ಮಗಳನ್ನು ಎತ್ತಿಕೊಂಡು ಹತ್ತು ಹೆಜ್ಜೆ ದೂರದಲ್ಲಿದ್ದೆ.

"ಒಂದು ದಾರ! ಒಂದು ದಾರ ಬಿಚ್ಚೋಕೆ ಆಗ್ಲಿಲ್ವಾ ನಿಮಗೆ? ಯಾರು ಕಟ್ಟಿದ್ದು ಇದನ್ನ?"

"ಗೊತ್ತಿಲ್ಲ," ಎಂದರು ಆಪಾ.

"ನೋಡ್ಕೊಳ್ಳೋರು ನೀವು. ನಿಮಗೇ ಗೊತ್ತಿಲ್ವಾ?"

"ನೋಡ್ಕೊಳ್ಳೋಳು ನಾನೇ. ತಪ್ಪು ನಂದೇ."

ಆಗಾಯ್ ಕೈ ಚಾಚಿದರು. ಆಪಾ ಸೊಂಟದಿಂದ ಬೇಲಿಯ ಬೀಗದ ಕೈ ಬಿಚ್ಚಿ ಕೊಟ್ಟರು. ಗುಡಿಸುವ ಕೆಲಸ ಉಳಿಯಿತು, ಮರಗಳನ್ನು ಮುಟ್ಟುವ ಹಾಗಿಲ್ಲ. ನೀರಿನ ಕೆಲಸ ಇನ್ನು ಬಾಯ್ಲರ್ ನೋಡಿಕೊಳ್ಳುವವನದು. ಅವನು ಮರುದಿನವೇ ಶಾಲೆಯ ಬಾವಿಗೆ ಪೈಪು ಹಚ್ಚಿ, ಸಿಗರೇಟು ಹಚ್ಚಿ ಕೂತ. ಬೇಲಿಯ ಹೊರಗೆ ನಿಂತು ಆ ನೀರು ಮೊಂಡು ಕಾಂಡದ ಸುತ್ತ ಇಂಗುವುದನ್ನು ಆಪಾ ನೋಡುತ್ತಿದ್ದರು. ಅವರು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಡೈರಿಯಲ್ಲಿ ಆ ದಿನಗಳಲ್ಲಿ ಟೊಮೇಟೊ ಉಪ್ಪಿನಕಾಯಿ ಹಾಕಿದ ಲೆಕ್ಕ, ಮಗಳ ಹದಿನಾರನೆಯ ಹಲ್ಲು, ಹೊಸ ಪರದೆಯ ಅಳತೆ ಎಲ್ಲ ಬರೆದಿದ್ದೇನೆ. ಗಿಡದ ಸುದ್ದಿ ಒಂದು ಸಾಲೂ ಇಲ್ಲ.

ಹನ್ನೆರಡನೆಯ ದಿನ ಆಪಾ ಮನೆಗೆ ಹೋದೆ. ಅವರು ಹಿಟ್ಟು ನಾದುತ್ತಿದ್ದರು.

"ಆಪಾ, ಆ ಹುರಿ..."

"ಬಾಗಿಲು ಹಾಕು ಕೆಲಿನ್, ಧೂಳು ಬರುತ್ತೆ." ಊರಿನ ಸೊಸೆಯರೆಲ್ಲ ಅವರಿಗೆ ಕೆಲಿನ್.

ಹಾಕಿದೆ. "ಆ ಹುರಿ ನಂದು."

"ಗೊತ್ತು. ಆ ತಿಂಗಳು ಊರಲ್ಲಿ ಕಾಲ್ಹುರಿ ಕತ್ತರಿಸಿದ್ದು ಒಂದೇ ಮಗೂಗೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಒಂದೂವರೆ ವರ್ಷದ ಕೂಸು ಆಕಾಶದ ಗಿಡ ಮುರೀತು ಅಂತಲಾ? ಮದುವೆ ಆಗೋವರೆಗೂ ಅದೇ ಅವಳ ಹೆಸರಾಗುತ್ತೆ. ಗೊತ್ತಿಲ್ವಾ ನಮ್ಮೂರು?" ಹಿಟ್ಟನ್ನು ಮಗುಚಿ ಹಲಗೆಗೆ ಬಡಿದರು. "ಜುಲೈಯಲ್ಲಿ ಚಾಕು ತಗೊಂಡು ಹೋಗಿದ್ದೆ. ಅಲಗನ್ನ ಹುರಿ ಮೇಲೆ ಇಟ್ಟೂ ಇದ್ದೆ. ಅಷ್ಟರಲ್ಲಿ ನಿನ್ನ ಮಗಳು ಬೇಲಿ ಆಚೆ ಓಡ್ತಾ ಬಂದು ಮುಗ್ಗರಿಸಿ ಬಿದ್ಲು. ಚಾಕು ಮಡಿಚ್ಕೊಂಡು ವಾಪಸ್ ಬಂದೆ. ಮೂವತ್ತು ವರ್ಷ ಮರ ಸಾಕಿದೋಳು, ಒಂದು ದಾರಕ್ಕೆ ಹೆದರ್ದೆ. ಆಗಾಯ್ ಕೀ ಕಿತ್ಕೊಂಡಿದ್ದು ಸರಿಯಾಗೇ ಇದೆ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ಪಾಲಿನ ತಪ್ಪಿನಲ್ಲಿ ಅರ್ಧವನ್ನು ತಾವೇ ಹೊತ್ತುಕೊಂಡು, ಹಿಟ್ಟಿನ ಕೈಯಲ್ಲೇ ನನಗೆ ಬಟ್ಟಲು ತೋರಿಸಿ, "ಟೀ ಬಗ್ಗಿಸ್ಕೋ" ಎಂದರು.

ಸೆಪ್ಟೆಂಬರ್ ಒಂದು, ಶಾಲೆ ಮತ್ತೆ ತೆರೆಯುವ ದಿನದ ಮೊದಲ ಗಂಟೆ. ಹೆತ್ತವರೆಲ್ಲ ಅಂಗಳದಲ್ಲಿ. ಮಕ್ಕಳ ಪದ್ಯಗಳಾದ ಮೇಲೆ ಆಗಾಯ್ ಜಿಲ್ಲೆಗೆ ಕಳಿಸಲಿರುವ ಪತ್ರ ಓದಿದರು: ಕೆಲಸಗಾರ್ತಿಯ ಅಸಡ್ಡೆಯಿಂದ ಗಿಡ ನಾಶವಾಯಿತು, ಹೀಗೆ. ಆಪಾ ಹಿಂದಿನ ಸಾಲಿನಲ್ಲಿ, ಒಗೆದ ಬಿಳಿ ತಲೆವಸ್ತ್ರದಲ್ಲಿ, ಬೇರೆ ಯಾರದ್ದೋ ಸುದ್ದಿ ಕೇಳುವವರಂತೆ ನಿಂತಿದ್ದರು. ನಾನು ಮುಂದೆ ಬಂದೆ. ಅತ್ತೆ ಹಿಂದಿನಿಂದ ಲಂಗ ಎಳೆದರು.

"ಆಗಾಯ್, ಆ ಹುರಿ ಕಟ್ಟಿದ್ದು ನಾನು. ಬಿಚ್ಚಿ ಅಂತ ಆಪಾ ಎಲ್ಲರ ಮುಂದೆ ಹೇಳಿದ್ರು. ನಾನು ಕೇಳಿಸ್ಕೊಂಡೂ ಬಿಚ್ಚಲಿಲ್ಲ. ಪತ್ರದಲ್ಲಿ ನನ್ನ ಹೆಸರು ಬರೀರಿ."

ಯಾರೋ ನಕ್ಕರು, ಯಾರೋ ಉಸ್ಸೆಂದರು. "ಯಾಕಮ್ಮಾ ಬಿಚ್ಚಲಿಲ್ಲ?" ಎಂದು ಆಗಾಯ್ ಕೇಳಿದರು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದವರ ಹಾಗೆ ಕೇಳಿದರು.

"ಮಗಳು ನಡೀತಿದ್ಲು," ಎಂದೆ.

ನಗುತ್ತಿದ್ದವರು ಗಿಡದ ಪಾತಿಯ ಕಡೆ ತಿರುಗಿದರು. ಅವರಲ್ಲಿ ಹಲವರ ಚಿಂದಿ ಆ ಗಿಡದಲ್ಲಿತ್ತು. ಹೆಡ್‌ಮಾಸ್ಟರ ಹೆಂಡತಿ ಗಂಡನ ತೋಳು ಮುಟ್ಟಿ ಏನೋ ಪಿಸುಗುಟ್ಟಿದರು. ಆಗಾಯ್ ಕಾಗದ ಮಡಿಸಿ ಜೇಬಿಗಿಟ್ಟು, ಕೀ ತೆಗೆದು ಎಲ್ಲರ ತಲೆಯ ಮೇಲಿಂದ ಹಿಂದಕ್ಕೆ ದಾಟಿಸಿದರು. ಕೈಯಿಂದ ಕೈಗೆ ಹೋಗಿ ಅದು ಆಪಾರನ್ನು ತಲುಪಿತು.

ಆಪಾ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಮಗೂ ಹೆಸರು ಎತ್ತಬೇಡ ಅಂತ ಹೇಳಿರ್ಲಿಲ್ವಾ, ದಡ್ಡಿ." ಆಮೇಲೆ, "ಗರಗಸ ಹಿಡಿಯೋಕೆ ಬರುತ್ತಾ?"

ಮುರಿದ ಮೊಂಡಿನ ಕೆಳಗೆ ಮೂರು ಚಿಗುರು ಒಡೆದಿದ್ದವು. ಬೀಜದಿಂದಲೇ ಎದ್ದ ಗಿಡ, ಕಸಿಯದಲ್ಲ. ಹಾಗಾಗಿ ಚಿಗುರೂ ಅದರದ್ದೇ ಎಂದರು ಆಪಾ. ಆದರೆ ಮುರಿದ ಬಾಯಿ ಹರಿದು ಸಿಬಿರಾಗಿತ್ತು. ಅದನ್ನು ಓರೆಯಾಗಿ ಕೊಯ್ದು ಸಾಪು ಮಾಡದಿದ್ದರೆ ಕೊಳೆತ ಇಳಿಯುತ್ತದಂತೆ. ಅವರು ಎರಡೂ ಕೈಯಲ್ಲಿ ಕಾಂಡ ಹಿಡಿದರು, ಕೊಯ್ಯುವುದು ನನ್ನ ಪಾಲು. ಹುರಿ ಇನ್ನೂ ತೊಗಟೆಯೊಳಗೇ ಇತ್ತು. ಗಂಟು ಕಾಣುತ್ತಿರಲಿಲ್ಲ, ಕಪ್ಪು-ಬಿಳಿ ಅಂಚು ಮಾತ್ರ. ಅದರ ಕೆಳಗೆ ಗರಗಸದ ಹಲ್ಲು ಇಟ್ಟೆ. ಹಸಿ ಮರದ ವಾಸನೆ ಬಂತು.

"ಅಲ್ಲಾಡಿಸ್ಬೇಡ. ಅಳೋದು ಆಮೇಲೆ. ನೇರ ಎಳಿ."

ಎಳೆದೆ. ಬೆರಳುದ್ದದ ತುಂಡು ಪಾತಿಗೆ ಬಿತ್ತು. ಗಾಯಕ್ಕೆ ಜೇಡಿಮಣ್ಣು, ಸಗಣಿ ಕಲಸಿ ಮೆತ್ತಿದೆವು. ಚಿಗುರು ಮೂರರಲ್ಲಿ ಯಾವುದನ್ನು ಉಳಿಸುವುದು ಎಂದು ಕೇಳಿದ್ದಕ್ಕೆ, "ಮೊದಲು ಚಳಿಗಾಲ ಯಾವುದನ್ನ ಉಳಿಸುತ್ತೋ ನೋಡೋಣ," ಎಂದು ಅಡ್ಡೆಯನ್ನು ನನ್ನ ಹೆಗಲಿಗೆ ದಾಟಿಸಿದರು.

ಮೂರು ವಾರದಿಂದ ದರಿಯಾದ ನೀರು ನಾನು ತರುತ್ತಿದ್ದೇನೆ. ಅರ್ಧ ದಾರಿಯಲ್ಲಿ ಅಕ್‌ಬೋತಾ ಎತ್ತಿಕೋ ಎನ್ನುತ್ತಾಳೆ, ಆಗ ಬಕೆಟ್ಟು ಇಳಿಸಿ ಇಬ್ಬರೂ ಕೂರುತ್ತೇವೆ. ನಾನು ಬರುವ ಹೊತ್ತಿಗೆ ಆಪಾ ಬೇಲಿಯ ಬೀಗ ತೆಗೆದು ಕಾಯುತ್ತಿರುತ್ತಾರೆ. ಎಷ್ಟು ಚೆಲ್ಲಿದೆ ಎಂದು ಬಗ್ಗಿ ನೋಡುತ್ತಾರೆ. ಕ್ಷಮಿಸಿದೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ನಿನ್ನೆ ಮೂರು ಚಿಗುರಲ್ಲಿ ಒಂದು ಬಾಡಿತ್ತು. ಸವಳು ಬಾವಿಯ ಆ ಹದಿಮೂರು ದಿನದ ನೀರು ಎಂದರು ಆಪಾ. ಆ ದಿನಗಳನ್ನು ನಾನು ಎಣಿಸಬಲ್ಲೆ, ಅವೆಲ್ಲ ಡೈರಿಯಲ್ಲಿ ಇವೆ.