ಮೋತಿ ಕುಣಿಯದಂತೆ ಹಿಡಿದು ನಿಂತ ದಿನಗಳು

ಅಂದು ಬರಾತಿನಲ್ಲಿ, ಮದುಮಗನ ಮೆರವಣಿಗೆಯಲ್ಲಿ, ನಮ್ಮ ಬಿಳಿ ಕುದುರೆ ಮೋತಿ ಮುಂಗಾಲನ್ನು ಎತ್ತಿ ಎತ್ತಿ ಇಟ್ಟಳಂತೆ. ಜನ ಸಿಳ್ಳೆ ಹಾಕಿದರಂತೆ. ಮನೆಗೆ ಬಂದ ನಮ್ಮ ಯಜಮಾನರಿಗೆ ಹಿಗ್ಗೋ ಹಿಗ್ಗು.

“ಹೊಸಾ ಹೆಜ್ಜಿ ತಾನ ಕಲ್ತಾಳ ನೋಡು!”

ಅದು ಹೆಜ್ಜೆಯಾಗಿರಲಿಲ್ಲ. ನೋವು.

ಬೆಳಿಗ್ಗೆ ಮೇವು ಹಾಕಲು ಹೋದೆ. ಎಡ ಮುಂಗಾಲು ಊರದೆ ನಿಂತಿದ್ದಳು. ಕಾಲು ಮುಟ್ಟಿದರೆ ಬಿಸಿ. ಡಾಕ್ಟರು ಬಂದು ಸ್ಕ್ಯಾನ್ ಮಾಡಿದರು. “ಟೆಂಡನ್, ಸ್ನಾಯುವಿನ ಹುರಿ, ಹರಿದಿದೆಯಮ್ಮಾ. ಸ್ಟಾಲ್ ರೆಸ್ಟ್ ಕೊಡಿ. ಲಾಯದಿಂದ ಹೊರಗೆ ತರಬೇಡಿ. ಕುಣಿಯಲು ಬಿಟ್ಟರೆ ಮತ್ತೆ ಹರಿಯುತ್ತದೆ.”

ನಾವು ಮೈಲಾರಲಿಂಗನ ಒಕ್ಕಲು. ಕುದುರೆ ನಮಗೆ ದೇವರ ವಾಹನ. ಬ್ಯಾಂಡೇಜಿನ ಮೇಲೆ ದೇವರ ಅರಿಶಿನ ಭಂಡಾರ ಹಚ್ಚಬಹುದೇನ್ರಿ ಎಂದು ಕೇಳಿದೆ. ಡಾಕ್ಟರು ನಕ್ಕರು. “ಭಂಡಾರ ಹಣೆಗೆ ಹಚ್ಚಿ. ಕಾಲಿಗೆ ನನ್ನ ಔಷಧ ಇರಲಿ.” ಬೈಯಲಿಲ್ಲ. ಅದೂ ದೇವರ ದಯೆಯೇ.

ಆದರೆ ನಮ್ಮ ಮನೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ, ಮದುವೆಯ ಫಂಕ್ಷನ್ ಹಾಲಿಗೆ ಹೋಗುವ ಗಲ್ಲಿಯಲ್ಲಿದೆ. ಮರಿಯಿದ್ದಾಗಿನಿಂದ ಮೋತಿಗೆ ಕಲಿಸಿದ್ದು ಒಂದೇ: ಡೋಲು ಕೇಳಿದರೆ ಕುಣಿ. ಈಗ ಬೇಡವೆಂದರೆ ಆ ಮೂಕಜೀವಕ್ಕೆ ಹೇಗೆ ತಿಳಿಯಬೇಕು? ದೂರದಲ್ಲಿ ಬ್ಯಾಂಡು ಕೇಳಿದರೂ ಕಿವಿ ನಿಮಿರುತ್ತಿದ್ದವು, ಕಾಲು ಎದ್ದೇಬಿಡುತ್ತಿತ್ತು. ನಾನು ಒಲೆ ಆರಿಸಿ ಓಡಬೇಕು. ಕುತ್ತಿಗೆ ತಬ್ಬಿ, ಕಿವಿ ಮುಚ್ಚಿ, ಮೆರವಣಿಗೆ ದಾಟುವವರೆಗೆ ನಿಲ್ಲಬೇಕು. ಯಜಮಾನರು ಹೊಟ್ಟೆಪಾಡಿಗೆ ಬಾಡಿಗೆ ಆಟೋ ಓಡಿಸುತ್ತಿದ್ದರು. ಹಗಲೆಲ್ಲ ನಾನೇ.

ಬೀದರಿನಲ್ಲಿ ತಂಗಿಯ ಮಗಳ ಮದುವೆಗೂ ಹೋಗಲಾಗಲಿಲ್ಲ. ತಂಗಿ ಫೋನಿನಲ್ಲಿ ಸಿಡಿದಳು. “ಕಾಲನೋವು ಕುದುರಿಗಿ ಅಲ್ಲೇನ ಅಕ್ಕಾ? ನಿನಗೇನ್ ಆಗೈತಿ?”

ಮೋತಿಗೆ ಹಗ್ಗ ಕಟ್ಟಿದ್ದು ಕಾಣುತ್ತಿತ್ತು, ನನಗೆ ಕಟ್ಟಿದ್ದು ಕಾಣುತ್ತಿರಲಿಲ್ಲ. ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಮುಂದೆ ಸ್ವಲ್ಪ ಬಾರಿಸದೆ ಹೋಗಪ್ಪಾ ಎಂದು ಬ್ಯಾಂಡಿನ ಮುಖ್ಯಸ್ಥ ಯಾದಗಿರಿ ಎಂಬವನಿಗೆ ಕೈಮುಗಿದೆ. “ಪೆಳ್ಳಿ ಅಕ್ಕಾ ಇದಿ, ಚಾವು ಕಾದು,” ಎಂದ. ಮದುವೆ ಅಕ್ಕಾ, ಸಾವಲ್ಲ. ಆಮೇಲೆ ಮನಸ್ಸು ಕರಗಿತೇನೋ, ನಮ್ಮ ಗೇಟಿನ ಹತ್ತಿರ ಡೋಲು ನಿಲ್ಲಿಸಿ ಬರೀ ತುತ್ತೂರಿ ಊದಿಸುತ್ತ ಹೋದ.

ಒಂದು ದಿನ ಯಜಮಾನರು ಊಟದ ತಾಟು ಸರಿಸಿ ಹೇಳಿದರು. “ಮುಂದಿನ ಸ್ಕ್ಯಾನಿನ್ಯಾಗೂ ಕಾಲು ಕೂಡಿಲ್ಲಂದ್ರ ದಲ್ಲಾಳಿಗಿ ಕೊಟ್ಟುಬಿಡೂಣು.”

“ಕುಂಟು ಕುದುರಿ ಒಯ್ದು ಏನ್ ಮಾಡ್ತಾನ್ರಿ ಆತ?”

ಅವರು ಲಾಯದ ಕಡೆ ನೋಡಲಿಲ್ಲ.

ಆಷಾಢ ಬಂತು. ಮುಹೂರ್ತಗಳಿಲ್ಲ. ನಮ್ಮಂಥ ಮನೆಗಳಿಗೆ ಆಷಾಢವೆಂದರೆ ಬರಗಾಲ. ಪ್ರತಿ ವರ್ಷ ಬೈದುಕೊಳ್ಳುತ್ತಿದ್ದವಳು ಈ ಸಲ ಅದಕ್ಕೂ ಕೈಮುಗಿದೆ.

ಆಷಾಢದಲ್ಲೇ ಬರುವ ಅಮ್ಮನವರ ಹಬ್ಬ, ಬೋನಾಲು, ಮರೆತಿದ್ದೆ.

ಭಾನುವಾರ ಗಲ್ಲಿಯ ತುಂಬ ತಮಟೆ. ಮದುವೆಯವರಿಗೆ ನಿಲ್ಲಿಸಿ ಎನ್ನಬಹುದು, ಅಮ್ಮನವರ ತಮಟೆಗೆ ಯಾರು ಹೇಳುವುದು? ನೋವಿನ ಕಾಲಿನ ಪಕ್ಕ ಕೂತು, ಗೊರಸಿನ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿದೆ. ಒದ್ದರೆ ಒದೆಯಲಿ. ತಾಯೀ, ನಿನ್ನ ತಮಟೆ ನಿಲ್ಲಿಸಬೇಡ, ಇವಳನ್ನು ನಿಲ್ಲಿಸು ಎಂದೆ. ಮೋತಿಯ ಮೈಯೆಲ್ಲ ಅದುರುತ್ತಿತ್ತು. ಒಮ್ಮೆ ಕಾಲು ಎಳೆದಳು. ಮತ್ತೆ ಎಳೆಯಲಿಲ್ಲ. ಮೂತಿ ತಂದು ನನ್ನ ತಲೆಯ ಮೇಲೆ ಇಟ್ಟಳು. ಬೋನದ ಗಡಿಗೆ ಹೊತ್ತವರು ದಾಟುವವರೆಗೆ ಇಬ್ಬರೂ ಹಾಗೇ ಇದ್ದೆವು.

ಸ್ಕ್ಯಾನ್ ನೋಡಿ ಡಾಕ್ಟರು ತಲೆಯಾಡಿಸಿದರು. “ಕೂಡುತ್ತಿದೆ. ದಿನಾ ಸ್ವಲ್ಪ ನಡೆಸಿ. ಬರಾತು ಮಾತ್ರ ಇನ್ನು ಮರೆತುಬಿಡಿ.”

ಯಜಮಾನರು ಈ ಸಲ ಲಾಯದ ಕಡೆ ನೋಡಿದರು. ಆಮೇಲೆ, “ಮನ್ಯಾಗ ಇರ್ಲಿ,” ಎಂದರು. ದುಡಿಯದ ಕುದುರೆಯನ್ನು ಎಷ್ಟು ಕಾಲ ಸಾಕುತ್ತೇವೋ ಗೊತ್ತಿಲ್ಲ. ಇವತ್ತಿನ ಮೇವಿದೆ.

ಮೊನ್ನೆ ಗೇಟು ತೆಗೆದೆವು. ಮೋತಿ ಹೊಸ್ತಿಲಲ್ಲೇ ನಿಂತಳು. ಬಿಸಿಲು ಹೊಸದು ಎಂಬಂತೆ. ಆಮೇಲೆ ನನ್ನ ಹಿಂದೆ ಮೆಲ್ಲಗೆ, ಸ್ವಲ್ಪ ಕುಂಟುತ್ತ ಬಂದಳು. ತಿರುವಿನ ಮನೆಯ ಕಾಂಪೌಂಡಿಗೆ ಕತ್ತು ಚಾಚಿ ಪೂಜೆಗಿಟ್ಟ ದಾಸವಾಳವನ್ನೆಲ್ಲ ಮೇದುಬಿಟ್ಟಳು.

ಆ ಮನೆಯ ಲಕ್ಷ್ಮಮ್ಮ ಪೊರಕೆ ಹಿಡಿದೇ ಬಂದರು. ಕುದುರೆಗೂ ಬೈದರು, ನನಗೂ ಬೈದರು. ನಾನು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡೆ. ಲಾಯ ಬಿಟ್ಟು ಹೀಗೆ ಬೀದಿಯಲ್ಲಿ ನಿಂತು ಬೈಸಿಕೊಂಡು ಎಷ್ಟು ಕಾಲವಾಗಿತ್ತು!